ಕುಶಲಕರ್ಮಿಗಳ ಮಹಾಪೋಷಕಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ನಾಗಮಂಗಲದಲ್ಲಿ ಕಂಚಿನ ಎರಕ ಹೊಯ್ಯುವ ಶಿಲ್ಪಿಯನ್ನೂ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಗ್ಗದ ಮುಂದೆ ಕುಳಿತ ನೇಕಾರನನ್ನೂ ನಮ್ಮ ಸೀಮೆಯವರೆಲ್ಲ ಬಲ್ಲರು. ಅಂಥವರ ಕೈಗೆಲಸಕ್ಕೆ ಸ್ವತಂತ್ರ ಭಾರತದ ಆಡಳಿತದಲ್ಲಿ ಮಾನ್ಯತೆಯನ್ನು ದೊರಕಿಸಿದ ಮಹಿಳೆ ಕನ್ನಡ ಕರಾವಳಿಯವರೆಂಬುದನ್ನು ಅನೇಕರು ಅರಿಯರು.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ಅವರಿನ್ನೂ ಬಾಲಕಿಯಾಗಿದ್ದಾಗಲೇ ತಂದೆಯವರು ತೀರಿಕೊಂಡರು. ಮರಣಶಾಸನವಿಲ್ಲದ ಕಾರಣ ಆಸ್ತಿಯು ತಾಯಿಯ ಕೈತಪ್ಪಿತು. ಸ್ತ್ರೀಗೆ ಹಕ್ಕಿಲ್ಲದಿದ್ದರೆ ಏನಾಗುವುದೆಂಬ ಪಾಠವನ್ನು ಅವರು ತಮ್ಮ ಮನೆಯಲ್ಲಿಯೇ ಕಲಿತರು. ಎಳೆವಯಸ್ಸಿನಲ್ಲಿಯೇ ವಿವಾಹವಾಗಿ ವಿಧವೆಯಾದರೂ ವಿದ್ಯಾಭ್ಯಾಸವನ್ನು ತೊರೆಯಲಿಲ್ಲ. ಸಮಾಜದ ನಿಂದೆಯನ್ನು ಲೆಕ್ಕಿಸದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು.

ಆಗ ಮಂಗಳೂರು ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1926ರಲ್ಲಿ ಅವರು ಆ ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿದರು. ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಮೊದಲ ಮಹಿಳೆಯರಲ್ಲಿ ಒಬ್ಬರಾದ ಅವರು ಅತ್ಯಲ್ಪ ಮತಗಳ ಅಂತರದಿಂದ ಸೋತರು. ಆದರೆ ಆ ಸೋಲು ಅವರ ಸೇವೆಗೆ ತಡೆಯಾಗಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರೂ ಪಾಲ್ಗೊಳ್ಳಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿ, ತಾವೂ ಸೆರೆಮನೆ ಸೇರಿದರು.

ದೇಶವಿಭಜನೆಯ ತರುವಾಯ ಗಡಿನಾಡಿನಿಂದ ಬಂದ ಸಹಸ್ರಾರು ನಿರಾಶ್ರಿತರು ಫರೀದಾಬಾದಿನಲ್ಲಿ ನೆಲೆಗೊಳ್ಳಲು ಸಹಕಾರ ಪದ್ಧತಿಯ ಮೂಲಕ ಶ್ರಮಿಸಿದರು. ಬರಿಯ ದಾನವಲ್ಲ, ದುಡಿಮೆಯೇ ಮನುಷ್ಯನ ಮಾನವನ್ನು ಉಳಿಸುವುದೆಂಬುದು ಅವರ ನಂಬಿಕೆ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಪ್ರಥಮ ಅಧ್ಯಕ್ಷರಾಗಿ ಅದೇ ನಂಬಿಕೆಯನ್ನು ಕಾರ್ಯರೂಪಕ್ಕೆ ತಂದರು. ಯಂತ್ರದ ಸರಕಿನೆದುರು ಕುಂಬಾರ, ನೇಕಾರ, ಕಂಚುಗಾರರ ಒಲೆಗಳು ಆರದಂತೆ ಮಾರುಕಟ್ಟೆಯನ್ನು ಒದಗಿಸಲು ಊರೂರು ಅಲೆದರು. ನಾಟಕ, ನೃತ್ಯಗಳನ್ನೂ ಅವರು ಮರೆಯಲಿಲ್ಲ; 1964ರಲ್ಲಿ ಮಾಯಾ ರಾವ್ ಅವರೊಡನೆ ಕಥಕ್ ನೃತ್ಯ ಸಂಸ್ಥೆಯೊಂದು ನೆಲೆಗೊಳ್ಳಲು ಕಾರಣರಾದರು.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ತಮ್ಮ 85ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಅಂದು ಗೆದ್ದವರ ಹೆಸರನ್ನು ಇಂದು ನೆನೆಯುವವರು ವಿರಳ. ಸೋತ ಕಮಲಾದೇವಿಯವರನ್ನು ಮಾತ್ರ ಭಾರತದ ಮಗ್ಗಗಳೂ ಕುಲುಮೆಗಳೂ ಮರೆತಿಲ್ಲ. ನಮ್ಮ ಊರಿನ ಕುಶಲಕರ್ಮಿಯೊಡನೆ ಬೆಲೆ ಚೌಕಾಸಿ ಮಾಡುವ ಮುನ್ನ ನಾವೂ ಅವರನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು.