ಮಿಲಿಕನ್: ಎಣ್ಣೆಯ ಹನಿಯೂ ಗಾಳಿಯಲ್ಲಿ ಅಡಗಿದ್ದ ದೋಷವೂ

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆಲ್ಲ ರಾಬರ್ಟ್ ಆಂಡ್ರ್ಯೂಸ್ ಮಿಲಿಕನ್ ಅವರ ಹೆಸರು ಪರಿಚಿತ. ಎರಡು ಲೋಹದ ಫಲಕಗಳ ನಡುವೆ ಎಣ್ಣೆಯ ಹನಿಯನ್ನು ತೇಲಿಸಿ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಅಮೆರಿಕದ ವಿಜ್ಞಾನಿ, 1923ರ ನೊಬೆಲ್ ಪುರಸ್ಕೃತರು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಅಳತೆಯಲ್ಲಿ ಒಂದು ತಪ್ಪು ನುಸುಳಿತ್ತು, ಅದು ಬಯಲಾಗಲು ಸುಮಾರು ಎರಡು ದಶಕಗಳೇ ಬೇಕಾದವು ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮಿಲಿಕನ್ ಜನಿಸಿದ್ದು 1868ರ ಮಾರ್ಚ್ 22ರಂದು, ಇಲಿನಾಯ್ ರಾಜ್ಯದ ಮಾರಿಸನ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಧರ್ಮಬೋಧಕರು. ಒಬರ್ಲಿನ್ ಕಾಲೇಜಿನಲ್ಲಿ ಅವರಿಗೆ ಪ್ರಿಯವಾಗಿದ್ದುದು ಭೌತಶಾಸ್ತ್ರವಲ್ಲ, ಗ್ರೀಕ್ ಭಾಷೆ. ಆ ಗ್ರೀಕ್ ಅಧ್ಯಾಪಕರೇ ಕಿರಿಯರಿಗೆ ಭೌತಶಾಸ್ತ್ರ ಕಲಿಸುವ ಕೆಲಸವನ್ನು ಶಿಷ್ಯನ ಕೊರಳಿಗೆ ಕಟ್ಟಿದರು. ಕಲಿಸಲೆಂದು ಕಲಿತ ವಿಷಯವೇ ಬದುಕಾಯಿತು. 1895ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಜರ್ಮನಿಯಲ್ಲಿ ಕೆಲಕಾಲವಿದ್ದು, 1896ರಲ್ಲಿ ಷಿಕಾಗೋ ಸೇರಿದರು. ಅಲ್ಲಿ ಅವರ ಮೇಲಿದ್ದವರು ಬೆಳಕಿನ ವೇಗವನ್ನು ಅಳೆದ ಆಲ್ಬರ್ಟ್ ಮೈಕೆಲ್ಸನ್. ನಿಖರತೆಯೆಂದರೇನು ಎಂಬುದನ್ನು ಕಲಿಯಲು ಅದಕ್ಕಿಂತ ಉತ್ತಮ ಜಾಗ ಆಗ ಅಮೆರಿಕದಲ್ಲಿರಲಿಲ್ಲ.

ಆದರೂ ನಲವತ್ತು ಸಮೀಪಿಸುವವರೆಗೆ ಮಿಲಿಕನ್ ಹೆಸರಾಗಿದ್ದುದು ಪಠ್ಯಪುಸ್ತಕಗಳ ಲೇಖಕರಾಗಿ ಮಾತ್ರ. ಹೇಳಿಕೊಳ್ಳುವಂಥ ಸಂಶೋಧನೆ ಕೈಗೂಡಿರಲಿಲ್ಲ. ಆಗ ಅವರು ಎಲೆಕ್ಟ್ರಾನಿನ ವಿದ್ಯುದಂಶದ ಬೆನ್ನು ಹತ್ತಿದರು. ಮೊದಲು ನೀರಿನ ಹನಿಗಳನ್ನು ಬಳಸಿದರು. ನೀರು ನೋಡುನೋಡುತ್ತಲೇ ಆವಿಯಾಗುತ್ತಿತ್ತು. ತೂಕವೇ ಬದಲಾಗುವ ಹನಿಯನ್ನು ಅಳೆಯುವುದು ಹೇಗೆ? 1909ರ ಸುಮಾರಿಗೆ ನೀರಿನ ಬದಲು ಎಣ್ಣೆ ಬಂತು. ಅತ್ತರು ಸಿಂಪಡಿಸುವ ಸಾಧನದಿಂದ ಎಣ್ಣೆಯ ಮಂಜನ್ನು ಎಬ್ಬಿಸಿ, ಒಂದೇ ಹನಿಯನ್ನು ಗಂಟೆಗಟ್ಟಲೆ ಏರಿಳಿಸಿ ನೋಡುವುದು ಸಾಧ್ಯವಾಯಿತು.

ಈ ಕೆಲಸದಲ್ಲಿ ಜೊತೆಗಿದ್ದವರು ಹಾರ್ವೆ ಫ್ಲೆಚರ್ ಎಂಬ ಸಂಶೋಧನಾ ವಿದ್ಯಾರ್ಥಿ. ಮುಖ್ಯ ಪ್ರಬಂಧ ಮಿಲಿಕನ್ ಅವರೊಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಫ್ಲೆಚರ್ ಅವರ ಪಾಲಿಗೆ ಬಂದುದು ಡಾಕ್ಟರೇಟಿಗೆ ಬೇಕಾಗಿದ್ದ ಇನ್ನೊಂದು ಪ್ರಬಂಧ. ಮುಂದೆ ಧ್ವನಿವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದ ಫ್ಲೆಚರ್ ಈ ಹಂಚಿಕೆಯ ಕಥೆಯನ್ನು ಬರೆದಿಟ್ಟು, ತಮ್ಮ ಮರಣದ ನಂತರವಷ್ಟೇ ಪ್ರಕಟಿಸುವಂತೆ ಮಾಡಿದರು. ಅದು ಬೆಳಕು ಕಂಡದ್ದು 1982ರಲ್ಲಿ.

ಅಷ್ಟರಲ್ಲಿ ವಿಯೆನ್ನಾದಿಂದ ಸವಾಲು ಬಂದಿತ್ತು. ಎಲೆಕ್ಟ್ರಾನಿಗಿಂತಲೂ ಚಿಕ್ಕ ವಿದ್ಯುದಂಶಗಳು ತಮಗೆ ಕಂಡಿವೆಯೆಂದು ಫೆಲಿಕ್ಸ್ ಎರೆನ್‌ಹಾಫ್ಟ್ 1910ರಲ್ಲಿ ಸಾರಿದರು. ಅದು ನಿಜವಾಗಿದ್ದರೆ ಮಿಲಿಕನ್ ಅವರ ಅಳತೆಗೆ ಅರ್ಥವೇ ಇರುತ್ತಿರಲಿಲ್ಲ. ಹೀಗಾಗಿ ಅವರು ಕೊಡಬೇಕಾಗಿದ್ದುದು ಒಂದು ಸಂಖ್ಯೆಯನ್ನಷ್ಟೇ ಅಲ್ಲ. ಆ ಸಂಖ್ಯೆ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬ ಲೆಕ್ಕವನ್ನು ಕೂಡ.

1913ರ ಪ್ರಬಂಧದಲ್ಲಿ ಆ ಲೆಕ್ಕ ಬಂತು. ಅಂದಿನ ವಿದ್ಯುತ್ ಮಾನದ ಸಾವಿರ ಕೋಟಿಯ ಒಂದು ಭಾಗವನ್ನು ಘಟಕವಾಗಿ ಹಿಡಿದರೆ ಎಲೆಕ್ಟ್ರಾನಿನ ವಿದ್ಯುದಂಶ 4.774, ದೋಷ ಹೆಚ್ಚೆಂದರೆ ಆಚೀಚೆ 0.009, ಅಂದರೆ ಸುಮಾರು ಶೇ 0.2. ಒಟ್ಟು 58 ಹನಿಗಳು. ಅರುವತ್ತು ದಿನಗಳ ಅವಧಿಯಲ್ಲಿ ಅಳೆದ ಎಲ್ಲ ಹನಿಗಳೂ ಇವೇ, ಆಯ್ದು ತೆಗೆದವಲ್ಲ ಎಂದು ಅವರು ಬರೆದರು. ಅವರ ಟಿಪ್ಪಣಿ ಪುಸ್ತಕಗಳು ಬೇರೆಯೇ ಹೇಳುತ್ತವೆ. 1978ರಲ್ಲಿ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ ಆ ಪುಟಗಳನ್ನು ತೆರೆದಾಗ, ಲೆಕ್ಕಕ್ಕೆ ಬಾರದ ಹನಿಗಳೂ ಅನೇಕ ಇದ್ದುದು ಕಂಡುಬಂತು. ಕೆಲವನ್ನು ಬಿಡಲು ಸಕಾರಣವಿತ್ತು, ಕೆಲವಕ್ಕೆ ಇರಲಿಲ್ಲ. ಮೂರು ವರ್ಷಗಳ ಬಳಿಕ ಆಲನ್ ಫ್ರ್ಯಾಂಕ್ಲಿನ್ ಅವರು ಬಿಟ್ಟ ಹನಿಗಳನ್ನೂ ಸೇರಿಸಿ ಮರುಲೆಕ್ಕ ಹಾಕಿದರು. ಉತ್ತರ ಹೆಚ್ಚುಕಡಿಮೆ ಅದೇ ಬಂತು. ದೋಷದ ಅಂಕಿ ಮಾತ್ರ ಕೊಂಚ ಹಿಗ್ಗಿತು. ಉತ್ತರ ಬದಲಾಗದು ಎಂದಮೇಲೆ, ಇದ್ದುದನ್ನು ಇದ್ದಂತೆ ಬರೆಯಲು ಮಿಲಿಕನ್ ಅವರಿಗೆ ಏನು ಅಡ್ಡಿಯಿತ್ತೋ! ಎರೆನ್‌ಹಾಫ್ಟ್ ಅವರಿಗೆ ಒಂದು ಬಿರುಕನ್ನೂ ಬಿಟ್ಟುಕೊಡಬಾರದೆಂಬ ಹಟವೇ ಕಾರಣವಿರಬೇಕು ಎನಿಸುತ್ತದೆ.

ವಿಚಿತ್ರವೆಂದರೆ ನಿಜವಾದ ತಪ್ಪು ಹನಿಗಳಲ್ಲಿ ಇರಲೇ ಇಲ್ಲ. ಅದು ಗಾಳಿಯಲ್ಲಿತ್ತು.

ಅಳತೆಯ ದೋಷಗಳಲ್ಲಿ ಎರಡು ಬಗೆ. ಗಡಿಯಾರವನ್ನು ಒಮ್ಮೆ ಬೇಗ, ಒಮ್ಮೆ ತಡವಾಗಿ ಒತ್ತಿದರೆ ಆಗುವ ಏರುಪೇರು ಮೊದಲನೆಯದು. ಅಳತೆಗಳನ್ನು ಹೆಚ್ಚಿಸುತ್ತ ಹೋದಂತೆ ಸರಾಸರಿಯಲ್ಲಿ ಇದು ಕರಗುತ್ತದೆ. ನೂರು ಪಟ್ಟು ಅಳತೆ ಮಾಡಿದರೆ ಸರಾಸರಿಯ ದೋಷ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡನೆಯದು ತಪ್ಪು ತಕ್ಕಡಿಯಂಥದು. ತಕ್ಕಡಿಯೇ ಸುಳ್ಳಾದರೆ ಸಾವಿರ ಸಲ ತೂಗಿದರೂ ಅದೇ ಸುಳ್ಳು ಬರುತ್ತದೆ. ಮಿಲಿಕನ್ ಅವರ 58 ಹನಿಗಳ ಸರಾಸರಿಯಲ್ಲಿ ಮೊದಲ ಬಗೆಯ ದೋಷ ಶೇ 0.1ಕ್ಕಿಂತಲೂ ಕಡಿಮೆಯಿತ್ತು. ಅವರು ಎಡವಿದ್ದು ಎರಡನೆಯದರಲ್ಲಿ.

ಹನಿಯ ಗಾತ್ರವನ್ನು ನೇರವಾಗಿ ಅಳೆಯಲಾಗದು. ಅದು ಬೀಳುವ ವೇಗ ಮತ್ತು ಗಾಳಿಯ ಸ್ನಿಗ್ಧತೆ, ಅಂದರೆ ಗಾಳಿ ಒಡ್ಡುವ ಜಿಗುಟುತನ, ಇವೆರಡರಿಂದ ಲೆಕ್ಕ ಹಾಕಬೇಕು. ಹನಿಯ ತ್ರಿಜ್ಯ ಸ್ನಿಗ್ಧತೆಯ ವರ್ಗಮೂಲದಂತೆ ಬೆಳೆಯುತ್ತದೆ, ತೂಕ ತ್ರಿಜ್ಯದ ಘನದಂತೆ. ಆದ್ದರಿಂದ ಸ್ನಿಗ್ಧತೆಯಲ್ಲಿ ಶೇ 1 ತಪ್ಪಾದರೆ ವಿದ್ಯುದಂಶದಲ್ಲಿ ಶೇ 1.5 ತಪ್ಪುತ್ತದೆ. ಈ ಎಳೆ ಸೂಕ್ಷ್ಮವೆಂದು ಮಿಲಿಕನ್ ಬಲ್ಲರು, ಅದಕ್ಕೆಂದು ದೋಷದ ಲೆಕ್ಕದಲ್ಲಿ ಜಾಗವನ್ನೂ ಬಿಟ್ಟಿದ್ದರು. 23 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.0001824 ಎಂಬ ಬೆಲೆಯನ್ನು ಅವರು ಆರಿಸಿಕೊಂಡದ್ದು ಹಲವರ ಅಳತೆಗಳನ್ನು ತೂಗಿ ನೋಡಿಯೇ. ಆ ಅಳತೆಗಳು ಪರಸ್ಪರ ಹೊಂದುತ್ತಿದ್ದವು. ಹಾಗಿದ್ದೂ ಆ ಬೆಲೆ ಸುಮಾರು ಶೇ 0.4ರಷ್ಟು ಕಡಿಮೆಯಿತ್ತು. ಒಂದೂವರೆ ಪಟ್ಟು ಮಾಡಿದರೆ ಶೇ 0.6.

1917ರಲ್ಲಿ ಮಿಲಿಕನ್ ದೋಷವನ್ನು 0.005ಕ್ಕೆ ಇಳಿಸಿ ಅದೇ 4.774 ಅನ್ನು ಮತ್ತೆ ಪ್ರಕಟಿಸಿದರು. ನಿಜವಾದ ಬೆಲೆ 4.803. ಅಂತರ, ಅವರು ಘೋಷಿಸಿದ ದೋಷದ ಸುಮಾರು ಆರು ಪಟ್ಟು. 1928ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಎರಿಕ್ ಬೆಕ್ಲಿನ್ ಅವರು ಎಣ್ಣೆಯ ಹನಿಯ ಹಂಗಿಲ್ಲದೆ, ಕ್ಷ-ಕಿರಣಗಳ ತರಂಗದೂರವನ್ನು ಅಳೆದು ಹೆಚ್ಚಿನ ಬೆಲೆಯೊಂದನ್ನು ಪಡೆದಾಗ ಯಾರೂ ಸುಲಭವಾಗಿ ನಂಬಲಿಲ್ಲ. ನೊಬೆಲ್ ಪಡೆದ ಅಳತೆಯನ್ನು ಅನುಮಾನಿಸುವುದು ಹೇಗೆ? 1930ರ ದಶಕದಲ್ಲಿ ಗಾಳಿಯ ಸ್ನಿಗ್ಧತೆಯನ್ನು ಹೊಸದಾಗಿ ಅಳೆದ ಮೇಲೆಯೇ ಗಂಟು ಬಿಡಿಸಿಕೊಂಡಿತು. ಕ್ಷ-ಕಿರಣದವರೇ ಸರಿಯಿದ್ದರು. ಹಿರಿಯರ ಸಂಖ್ಯೆಗೆ ಹೆದರಿದ ವಿಜ್ಞಾನಿಗಳ ಉದಾಹರಣೆಯಾಗಿ ರಿಚರ್ಡ್ ಫೈನ್‌ಮನ್ 1974ರ ಭಾಷಣವೊಂದರಲ್ಲಿ ಈ ಪ್ರಸಂಗವನ್ನೇ ಎತ್ತಿಕೊಂಡರು.

ಮಿಲಿಕನ್ ಅವರ ಮಿಕ್ಕ ಸಾಧನೆಗಳೂ ಸಣ್ಣವಲ್ಲ. ಬೆಳಕಿನ ಕಣಗಳ ಬಗ್ಗೆ ಐನ್‌ಸ್ಟೀನ್ ಹೇಳಿದ್ದನ್ನು ನಂಬದೆಯೇ ಅದನ್ನು ಪರೀಕ್ಷಿಸಲು ಹೊರಟು, 1916ರ ಹೊತ್ತಿಗೆ ಐನ್‌ಸ್ಟೀನ್ ಸಮೀಕರಣವೇ ಸರಿಯೆಂದು ಸಾಬೀತುಪಡಿಸಿದರು. 1921ರಿಂದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯನ್ನು ಮುನ್ನಡೆಸಿದರು. ಆಕಾಶದಿಂದ ಇಳಿದುಬರುವ ವಿಕಿರಣಕ್ಕೆ ವಿಶ್ವಕಿರಣವೆಂದು ಹೆಸರಿಟ್ಟವರೂ ಅವರೇ.

ವಿಶ್ವಕಿರಣಗಳ ವಿಷಯದಲ್ಲಿಯೂ ಹಟ ಅವರನ್ನು ಬಿಡಲಿಲ್ಲ. ಅವು ವಿದ್ಯುದಂಶವಿಲ್ಲದ ಕಿರಣಗಳು, ಹಾಗಾಗಿ ಭೂಮಿಯ ಯಾವ ಅಕ್ಷಾಂಶದಲ್ಲಿ ಅಳೆದರೂ ತೀವ್ರತೆ ಒಂದೇ ಎಂಬುದು ಅವರ ವಾದ. ಅಲ್ಲ, ಅವು ವಿದ್ಯುದಂಶವುಳ್ಳ ಕಣಗಳು, ಭೂಮಿಯ ಕಾಂತತ್ವ ಅವನ್ನು ಬಾಗಿಸುತ್ತದೆ ಎಂದವರು ಆರ್ಥರ್ ಕಾಂಪ್ಟನ್. 1932ರ ಕೊನೆಯಲ್ಲಿ ಇಬ್ಬರೂ ಬಹಿರಂಗವಾಗಿ ಕಾದಾಡಿದರು. ಕೆಲವೇ ವಾರಗಳಲ್ಲಿ ಮಿಲಿಕನ್ ಹಿಂದೆ ಸರಿಯಬೇಕಾಯಿತು. ಸಮಭಾಜಕ ವೃತ್ತದ ಬಳಿ ಕಿರಣಗಳು ಕಡಿಮೆ ಎಂಬುದನ್ನು ಅವರದೇ ಸಹಾಯಕ ವಿಕ್ಟರ್ ನೆಹರ್ ಅವರ ಅಳತೆಗಳೂ ತೋರಿಸಿದವು.

ಏಳು ವರ್ಷಗಳ ನಂತರ ಆ ಅಕ್ಷಾಂಶದ ವ್ಯತ್ಯಾಸವೇ ಅವರ ತಂಡವನ್ನು ಭಾರತಕ್ಕೆ ಕರೆತಂದಿತು. 1939-40ರ ಚಳಿಗಾಲದಲ್ಲಿ ಮಿಲಿಕನ್, ನೆಹರ್ ಮತ್ತು ವಿಲಿಯಂ ಪಿಕರಿಂಗ್ ಅವರ ತಂಡ ಪೇಶಾವರ, ಆಗ್ರಾ ಹಾಗೂ ನಮ್ಮ ಬೆಂಗಳೂರಿನಿಂದ ಉಪಕರಣ ಹೊತ್ತ ಬಲೂನುಗಳನ್ನು ಹಾರಿಸಿತು. ಮೂರರಲ್ಲಿ ಭೂಕಾಂತೀಯ ಸಮಭಾಜಕಕ್ಕೆ ಅತಿ ಸಮೀಪದ ಊರು ಬೆಂಗಳೂರು. ಪ್ರಬಲ ಕಣಗಳು ಮಾತ್ರ ಇಲ್ಲಿಗೆ ತಲುಪಬಲ್ಲವು. ಅಲ್ಲಿಂದಿಲ್ಲಿಗೆ ತೀವ್ರತೆ ಎಷ್ಟು ಕುಗ್ಗುತ್ತದೆಂದು ಅಳೆಯುವುದೇ ಉದ್ದೇಶ. ಮಿಲಿಕನ್ ಅವರಿಗೆ ಆಗ ಎಪ್ಪತ್ತೊಂದು ವರ್ಷ.

1953ರ ಡಿಸೆಂಬರ್ 19ರಂದು ಅವರು ತೀರಿಕೊಂಡರು. ಜನಾಂಗ ಸುಧಾರಣೆಯ ಹೆಸರಿನಲ್ಲಿ ಬಲವಂತದ ಸಂತಾನಹರಣವನ್ನು ಬೆಂಬಲಿಸಿದ ಸಂಘಟನೆಯೊಂದಿಗೆ ಅವರಿಗಿದ್ದ ನಂಟಿನ ಕಾರಣ, ತಾವು ಕಟ್ಟಿದ ಸಂಸ್ಥೆಯೇ 2021ರಲ್ಲಿ ಅವರ ಹೆಸರನ್ನು ತನ್ನ ಕಟ್ಟಡಗಳಿಂದ ತೆಗೆಯಲು ನಿರ್ಧರಿಸಿತು.

ಅವರು ಅಳೆದ ಸಂಖ್ಯೆಯನ್ನು ಈಗ ಯಾರೂ ಅಳೆಯುವುದಿಲ್ಲ. 2019ರ ಮೇ 20ರಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಶ್ಚಿತ ಬೆಲೆಯಾಗಿ ಗೊತ್ತುಮಾಡಿ, ಆಂಪಿಯರನ್ನೇ ಅದರಿಂದ ವ್ಯಾಖ್ಯಾನಿಸಲಾಗಿದೆ. ಇಂದಿನ ಮಾನದಲ್ಲಿ ಮಿಲಿಕನ್ ಅವರ ಉತ್ತರ 1.592. ನಿಶ್ಚಿತ ಬೆಲೆ 1.602176634, ಅದರ ಮುಂದೆ ದೋಷದ ಅಂಕಿ ಇಲ್ಲ.