ನಾಲ್ಕನೆಯ ಹೆಗಲು: ಪಂಡಿತಾ ರಮಾಬಾಯಿಯವರ ಬಾಳು

ಪುಣೆಯಿಂದ ದೌಂಡಿನ ಕಡೆಗೆ ಹೋಗುವ ದಾರಿಯಲ್ಲಿ ಕೇಡಗಾಂವ್ ಎಂಬ ರೈಲು ನಿಲ್ದಾಣವಿದೆ. ಸೊಲ್ಲಾಪುರ, ಕಲಬುರ್ಗಿ, ರಾಯಚೂರುಗಳಿಗೆ ಹೋಗಿಬರುವ ನಮ್ಮ ಜನರು ಆ ಹೆಸರಿನ ಹಲಗೆಯನ್ನು ಎಷ್ಟೋ ಸಲ ಕಂಡಿರಬಹುದು. ಆ ಊರಿನಲ್ಲಿ ಮಣ್ಣಾದ ಪಂಡಿತಾ ರಮಾಬಾಯಿಯವರು ಕನ್ನಡ ನಾಡಿನಲ್ಲಿ ಹುಟ್ಟಿದವರೆಂಬುದನ್ನು ಬಲ್ಲವರು ವಿರಳ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದವರು. ಪೇಶವೆಯರ ಕಾಲದಲ್ಲಿ ವಿದ್ಯಾರ್ಜನೆಗಾಗಿ ಪುಣೆಗೆ ಬಂದವರು. (ಊರುಬಿಟ್ಟು ಈ ಪಟ್ಟಣಕ್ಕೆ ಬರುವುದು ನಮ್ಮಿಂದ ಆರಂಭವಾದುದಲ್ಲ!) ಪೇಶವೆಯ ಪತ್ನಿಗೆ ಸಂಸ್ಕೃತವನ್ನು ಹೇಳಿಕೊಡುತ್ತಿದ್ದ ಗುರುಗಳ ಬಳಿಯಲ್ಲಿ ಓದಿದ ಅವರಿಗೆ, ತಮ್ಮ ಮನೆಯ ಹೆಂಗಸೂ ಆ ವಿದ್ಯೆಯನ್ನು ಏಕೆ ಕಲಿಯಬಾರದೆಂದು ತೋರಿತು. ಜನರು ಆಕ್ಷೇಪಿಸಿದರು. ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರೊಡನೆ ಗಂಗಾಮೂಲದ ಕಾಡನ್ನು ಸೇರಿ ಆಶ್ರಮವನ್ನು ಕಟ್ಟಿದರು. ೧೮೫೮ನೆಯ ಏಪ್ರಿಲ್ ೨೩ರಂದು ರಮೆಯು ಜನಿಸಿದುದು ಅಲ್ಲಿ. ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಕೈ ಬರಿದಾಗಿ ಆಶ್ರಮವನ್ನು ಬಿಡಬೇಕಾಯಿತು. ಬೆತ್ತದ ಬುಟ್ಟಿಯಲ್ಲಿ ಮಲಗಿ ಹೊರಟ ಆ ಕೂಸು ಮುಂದೆ ತಾಯಿಯ ಬಾಯಿಂದಲೇ ಸಂಸ್ಕೃತವನ್ನು ಕಲಿಯಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ಪುರಾಣವನ್ನು ಓದಿ ಬಂದ ದಕ್ಷಿಣೆಯಿಂದ ಸಂಸಾರವು ಸಾಗುತ್ತಿತ್ತು.

ಅನಂತರ ಬರಗಾಲವು ಬಂದಿತು. ಪಾತ್ರೆ ಪದಾರ್ಥಗಳೆಲ್ಲ ಮಾರಿಹೋದುವು. ಕಾಡಿನ ಎಲೆಗಳನ್ನು ತಿಂದು ದಿನಗಳನ್ನು ನೂಕಿದರು. ೧೮೭೪ರಲ್ಲಿ ತಿರುಪತಿಯ ಆಸುಪಾಸಿನಲ್ಲಿ ತಂದೆ ತೀರಿಕೊಂಡರು. ಉಳಿದವರು ರಾಯಚೂರನ್ನು ಸೇರಿದರು. ಜ್ವರ ಹಸಿವುಗಳಿಂದ ಬಳಲಿದ್ದ ತಾಯಿಯೂ ಹೆಚ್ಚು ಕಾಲ ಬದುಕಲಿಲ್ಲ. ಸ್ಮಶಾನವು ೩ ಮೈಲಿ ದೂರ, ಪರಸ್ಥಳ, ಹೊರುವವರಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಗೊಂಡು ಮುಂದೆ ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮೆಯದು. ಎತ್ತರ ಸಾಲದೆ, ಹದಿನಾರರ ಆ ಹುಡುಗಿ ಚಟ್ಟದ ತನ್ನ ಮೂಲೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದಳು.

ಇಲ್ಲಿ ಒಂದು ಮಾತು. ಊರಿನಿಂದ ಸಾವಿನ ಸುದ್ದಿ ಬಂದಾಗ ಹೊಟೇಲಿನ ಭಟ್ಟಿಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ಕುಸಿದು ಕುಳಿತ ಗೆಳೆಯನಿಗೆ ಏನು ಹೇಳಬೇಕೆಂದು ತೋಚದೆ ನಾವು ತಡವರಿಸುತ್ತೇವೆ. ಎಲ್ಲವೂ ದೈವೇಚ್ಛೆ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ರಾಯಚೂರಿನ ಆ ಇಬ್ಬರು ಯಾವ ಸಾಂತ್ವನವನ್ನು ನುಡಿದರೋ ಚರಿತ್ರೆಯಲ್ಲಿಲ್ಲ. ಅವರು ಹೆಗಲು ಕೊಟ್ಟುದು ಮಾತ್ರ ಉಳಿದಿದೆ. ಗೆಳೆಯನ ಪಾಳಿಯನ್ನು ತಾನು ವಹಿಸಿಕೊಂಡು, ರಾತ್ರಿಯ ಗಾಡಿಗೆ ಟಿಕೇಟು ತೆಗೆಸಿಕೊಟ್ಟವನೂ ಆ ಜಾತಿಗೆ ಸೇರಿದವನೇ.

ಅಕ್ಕನೂ ಬೇಗನೆ ತೀರಿದಳು. ಅಣ್ಣತಂಗಿಯರಿಬ್ಬರೇ ನಡೆದು ೧೮೭೮ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಆಕೆಯ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿಯ ವಿದ್ವಾಂಸರು ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣನೂ ಮಡಿದನು. ಆ ವರ್ಷವೇ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವರಿಸಿದರು. ಮಗಳು ಮನೋರಮೆ ಹುಟ್ಟಿ ವರ್ಷ ತುಂಬಿರಲಿಲ್ಲ. ೧೮೮೨ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. ಎಂಟು ವರ್ಷಗಳಲ್ಲಿ ಐದು ಸಾವು!

ಆಗ ಇಪ್ಪತ್ತಮೂರರ ಆ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದರು. ಬಂದ ಕೆಲವೇ ತಿಂಗಳಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅಂದಿನ ಮೇಲ್ಜಾತಿಯ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ದೊರೆಯುತ್ತಿದ್ದುದು ಸಾಂತ್ವನವಲ್ಲ, ದೂರು. ಗಂಡನನ್ನು ನುಂಗಿದವಳೆಂಬ ಅಪವಾದ, ಕೇಶಮುಂಡನ, ಒಪ್ಪತ್ತಿನ ಊಟ. ಈ ಸಂಗತಿಯನ್ನು ರಮಾಬಾಯಿಯವರು ೧೮೮೭ರಲ್ಲಿ ಅಮೆರಿಕೆಯಲ್ಲಿದ್ದಾಗ ಇಂಗ್ಲೀಷಿನಲ್ಲಿ ಪುಸ್ತಕವಾಗಿ ಬರೆದು ಲೋಕಕ್ಕೆ ತಿಳಿಸಿದರು. ಅದಕ್ಕೂ ಮುನ್ನ, ೧೮೮೩ರಲ್ಲಿ, ಇಂಗ್ಲೆಂಡಿನಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿದ್ದರು. ಇದರಿಂದ ಪುಣೆಯಲ್ಲಿ ಅವರಿಗೆ ವಿರೋಧಿಗಳು ಹೆಚ್ಚಿದರು. ಆ ವಾದವನ್ನು ಇಲ್ಲಿ ಕೆದಕುವುದು ಬೇಡ.

೧೮೮೯ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತು. ಎಳೆಯ ವಿಧವೆಯರಿಗೆ ಅಲ್ಲಿ ಅನ್ನ, ಅಕ್ಷರ, ಕಸಬು ಮೂರೂ ದೊರೆಯುತ್ತಿದ್ದುವು. ಸದನದ ಮೊದಮೊದಲ ವಿದ್ಯಾರ್ಥಿನಿ ಗೋದೂಬಾಯಿಯು ಬಾಲವಿಧವೆ. ೧೮೯೧ರಲ್ಲಿ ಪತ್ನಿಯನ್ನು ಕಳೆದುಕೊಂಡಿದ್ದ ಧೋಂಡೋ ಕೇಶವ ಕರ್ವೆಯವರು ೧೮೯೩ರಲ್ಲಿ ಈಕೆಯ ಕೈಹಿಡಿದರು. ದುಃಖದಲ್ಲಿದ್ದ ಇಬ್ಬರು ಒಂದಾದ ಆ ಮನೆಯಿಂದ ಸ್ತ್ರೀಶಿಕ್ಷಣಕ್ಕೆ ಎಷ್ಟು ಉಪಕಾರವಾಯಿತೆಂಬುದು ಪುಣೆಯವರಿಗೆ ತಿಳಿದುದೇ.

೧೮೯೬ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯದಲ್ಲಿ ಹುಡುಗಿಯರು ಹಸಿದು ಅಲೆಯುತ್ತಿರುವ ಸುದ್ದಿ ಬಂದಾಗ ರಮಾಬಾಯಿಯವರು ತಾವೇ ಹೊರಟರು. ಹಸಿವಿನಿಂದ ತಂದೆತಾಯಿಯರನ್ನು ಕಳೆದುಕೊಳ್ಳುವುದೆಂದರೇನೆಂದು ಅವರಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ನೂರಾರು ಜನರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು ಹಬ್ಬಿದ್ದುದರಿಂದ ಅವರಿಗೆ ಕೇಡಗಾಂವದ ಹೊಲದಲ್ಲಿ ಬಿಡಾರಗಳೆದ್ದುವು. ಅದೇ ಮುಕ್ತಿ ಸದನವಾಯಿತು. ೧೯೦೦ದ ಗುಜರಾತಿನ ಕ್ಷಾಮದ ಅನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು.

ಬೆಳೆದ ಮನೋರಮೆಯು ತಾಯಿಯ ಬಲಗೈಯಾಗಿದ್ದಳು. ಸದನವನ್ನು ಅವಳಿಗೊಪ್ಪಿಸಿ ಕಣ್ಣುಮುಚ್ಚಬೇಕೆಂಬುದು ತಾಯಿಯ ಎಣಿಕೆ. ಹಾಗಾಗಲಿಲ್ಲ. ೧೯೨೧ರ ಜುಲೈಯಲ್ಲಿ, ನಲವತ್ತರ ಪ್ರಾಯದಲ್ಲಿ, ಮಗಳೇ ಮುಂದೆ ಹೋದಳು. ಅರವತ್ತಮೂರರ ರಮಾಬಾಯಿಯವರು ಸದನದ ಕೆಲಸವನ್ನೂ, ವರ್ಷಗಳಿಂದ ನಡೆಸಿದ್ದ ಬೈಬಲ್ಲಿನ ಮರಾಠಿ ಅನುವಾದವನ್ನೂ ಬಿಡಲಿಲ್ಲ. ಅನುವಾದದ ಕೊನೆಯ ಕರಡು ಹಾಳೆಗಳನ್ನು ತಿದ್ದಿ ಮುಗಿಸಿದರು. ೧೯೨೨ನೆಯ ಏಪ್ರಿಲ್ ೫ರಂದು ಮರಣವು ಬಂದಿತು. ಈ ಸಲ ಚಟ್ಟಕ್ಕೆ ಹೆಗಲುಗಳ ಕೊರತೆಯಿರಲಿಲ್ಲ.