ಮಂಗನ ಕಾಯಿಲೆಗೂ ಹಕ್ಕಿ ಕಾಲಿನ ಉಂಗುರಕ್ಕೂ ಏನು ನಂಟು? ಇಲ್ಲಿದೆ ಸಲೀಂ ಅಲಿ ಕಥೆ

ಶಿವಮೊಗ್ಗ: ಬೇಸಿಗೆ ಹತ್ತಿರ ಬಂತು ಅಂದ್ರೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಆತಂಕ ಶುರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ, ದೇಶದ ವಲಸೆ ಹಕ್ಕಿಗಳ ದೊಡ್ಡ ಅಧ್ಯಯನವೊಂದಕ್ಕೂ ಕಾರಣವಾಯಿತು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಮುಂದಾಳತ್ವ ವಹಿಸಿದ್ದವರು ಪಕ್ಷಿತಜ್ಞ ಡಾ.ಸಲೀಂ ಅಲಿ.

ಗುಬ್ಬಿಯಿಂದ ಶುರುವಾದ ನಂಟು

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ಬೆಳೆದಿದ್ದು ಸೋದರಮಾವನ ಮನೆಯಲ್ಲಿ. ಹುಡುಗನಾಗಿದ್ದಾಗ ತಾನೇ ಹೊಡೆದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡಿತು. ಅದ್ಯಾವ ಹಕ್ಕಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ (ಬಿಎನ್‌ಎಚ್‌ಎಸ್) ಹೋದರು. ಆ ನಂಟು ಕೊನೆವರೆಗೂ ಬಿಡಲಿಲ್ಲ.

1929ರಲ್ಲಿ ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತರು. ಅಲ್ಲಿನ ಹೆಲ್ಗೊಲ್ಯಾಂಡ್ ದ್ವೀಪದ ಪಕ್ಷಿ ಕೇಂದ್ರದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಿ ಬಿಡುವ ಕೆಲಸವನ್ನೂ ನೋಡಿ ಕಲಿತರು. ಊರಿಗೆ ಮರಳಿದರೆ ಇದ್ದ ಕೆಲಸವೂ ಹೋಗಿತ್ತು! ಆದರೂ ಹಕ್ಕಿ ಬಿಡಲಿಲ್ಲ.

1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಅವರ ಒತ್ತಾಯವೇ ಕಾರಣ.

ಹಕ್ಕಿಗಳ ಮೇಲೆ ಬಂತು ಅನುಮಾನ

ಕ್ಯಾಸನೂರಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ, ಉಣುಗಿನಿಂದ ಹರಡುವ ರಷ್ಯಾದ ಮಿದುಳು ಜ್ವರದ ವೈರಸ್‌ಗೆ ಇದು ಹತ್ತಿರದ್ದು ಅಂತ ತಿಳಿಯಿತು. ಸೈಬೀರಿಯಾದ ವೈರಸ್ ಸೊರಬಕ್ಕೆ ಬಂದಿದ್ದು ಹೇಗೆ? ಪ್ರತಿ ವರ್ಷ ಅಲ್ಲಿಂದ ಬರೋ ಹಕ್ಕಿಗಳ ಮೈಯಲ್ಲಿ ಉಣುಗು ಬಂದಿರಬಹುದೇ?

ಉತ್ತರ ಬೇಕಿದ್ದರೆ ಯಾವ ಹಕ್ಕಿ ಎಲ್ಲಿಂದ ಬರುತ್ತೆ ಅನ್ನೋದು ಮೊದಲು ಗೊತ್ತಾಗಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ 1959ರ ಹೊತ್ತಿಗೆ ಬಿಎನ್‌ಎಚ್‌ಎಸ್ ಯೋಜನೆ ಶುರುವಾಯಿತು. ಅರವತ್ತು ದಾಟಿದ್ದ ಸಲೀಂ ಅಲಿ ಮುಂದೆ ನಿಂತರು.

ಮಳೆಗಾಲ ಮುಗಿದು ಹಕ್ಕಿಗಳು ಇಳಿಯುವ ಹೊತ್ತಿಗೆ ಕಛ್, ಭರತಪುರ, ತಮಿಳುನಾಡಿನ ಕೋಡಿಯಕ್ಕರೈ ಮುಂತಾದ ಕಡೆ ಕ್ಯಾಂಪ್. ಬಲೆಗೆ ಬಿದ್ದ ಹಕ್ಕಿಯ ಜಾತಿ ಗುರುತಿಸಿ, ತೂಕ, ರೆಕ್ಕೆಯ ಉದ್ದ ಬರೆದುಕೊಂಡು, ಮೈಯಲ್ಲಿದ್ದ ಉಣುಗು ತೆಗೆದು, ನಂಬರ್ ಇರುವ ಉಂಗುರ ಹಾಕಿ ಹಾರಿಬಿಡೋದು. ಹಕ್ಕಿ ಹಿಡಿಯೋದರಲ್ಲಿ ಪಳಗಿದ ಬಿಹಾರದ ಬೇಟೆಗಾರರು ಕೈಜೋಡಿಸಿದರು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ಒಕ್ಕೂಟದಲ್ಲಿ ಸಿಕ್ಕಾಗ ಅವುಗಳ ದಾರಿ ಖಚಿತವಾಯಿತು.

ಮುಂದೆ ಅಮೆರಿಕ ಸೇನೆಯ ಹಣವೂ ಬಂತು. ಅದರ ಹಿಂದೆ ಜೈವಿಕ ಯುದ್ಧದ ಉದ್ದೇಶ ಇದೆ ಅಂತ 1970ರ ದಶಕದಲ್ಲಿ ದೊಡ್ಡ ವಿವಾದವಾಯಿತು. ಸಲೀಂ ಅಲಿ ಆ ಆರೋಪ ಒಪ್ಪಲಿಲ್ಲ.

ಸಿಕ್ಕ ಉತ್ತರ ಏನು?

ಕಾಯಿಲೆಯನ್ನು ವಲಸೆ ಹಕ್ಕಿಗಳೇ ತಂದವು ಅನ್ನೋದು ಸಾಬೀತಾಗಲಿಲ್ಲ. ಕಾಡಿನ ಉಣುಗು, ಮಂಗ, ಇಲಿ ಹೆಗ್ಗಣದಂಥ ಸಣ್ಣ ಪ್ರಾಣಿಗಳ ನಡುವೆಯೇ ವೈರಸ್ ಸುತ್ತುತ್ತದೆ ಅನ್ನೋದು ಈಗಿನ ತಿಳಿವಳಿಕೆ. ಆದರೆ ಆ ಅನುಮಾನದಿಂದ ಶುರುವಾದ ಲೆಕ್ಕ ವ್ಯರ್ಥ ಆಗಲಿಲ್ಲ. ಯಾವ ಕೆರೆ ಒಣಗಿದರೆ ಯಾವ ದೇಶದ ಹಕ್ಕಿಗೆ ನೆಲೆ ತಪ್ಪುತ್ತದೆ ಅಂತ ಹೇಳಲು ಇಂಥ ಉಂಗುರಗಳೇ ಆಧಾರ.

1980ರ ದಶಕದಲ್ಲಿ ಮತ್ತೆ ಉಂಗುರ ಹಾಕುವ ಯೋಜನೆ ಆರಂಭವಾದಾಗಲೂ ಎಂಬತ್ತು ದಾಟಿದ್ದ ಸಲೀಂ ಅಲಿ ಅದರ ಹೊಣೆ ಹೊತ್ತರು. ಪದ್ಮವಿಭೂಷಣ, ರಾಜ್ಯಸಭೆ ಸದಸ್ಯತ್ವ ಎಲ್ಲವೂ ಬಂದವು. 1987ರ ಜೂನ್ 20ರಂದು ನಿಧನರಾದರು.

ಗುಡವಿಯಲ್ಲೋ ನಿಮ್ಮೂರ ಕೆರೆಯಲ್ಲೋ ಕಾಲಿಗೆ ಉಂಗುರವಿರುವ ಹಕ್ಕಿ ಕಂಡರೆ ಹಿಡಿಯೋಕೆ ಹೋಗಬೇಡಿ. ನಂಬರ್ ಕಂಡರೆ ಫೋಟೋ ತೆಗೆದು, ಜಾಗ, ದಿನಾಂಕ ಬರೆದು ಅರಣ್ಯ ಇಲಾಖೆಗೋ ಬಿಎನ್‌ಎಚ್‌ಎಸ್‌ಗೋ ತಿಳಿಸಿ. ಯಾರಾದರೂ ನೋಡಿ ತಿಳಿಸಿದರೆ ಮಾತ್ರ ಆ ಉಂಗುರಕ್ಕೆ ಬೆಲೆ.